ದೇವರು ಕರೆಯುವ ತನಕ: ಸಿಸ್ಟರ್ ಆಂಡ್ರೆಯವರ 118 ವರ್ಷಗಳು

ಫೆಬ್ರವರಿ ತಿಂಗಳ ಮೊದಲ ಭಾಗದಲ್ಲಿ ಧರ್ಮಸಭೆಯು ಎರಡು ಹಬ್ಬಗಳನ್ನು ಆಚರಿಸುತ್ತದೆ. 2ನೆಯ ತಾರೀಖು ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ಹಬ್ಬ. ಅಂದು ನಾವು ಮಂತ್ರಿಸಿದ ಮೇಣದಬತ್ತಿಗಳನ್ನು ಕೈಯಲ್ಲಿ ಹಿಡಿದು ಮೆರವಣಿಗೆಯಲ್ಲಿ ಸಾಗುತ್ತೇವೆ. ಆ ದಿನದ ಶುಭಸಂದೇಶದಲ್ಲಿ ಇಬ್ಬರು ವೃದ್ಧರು ಬರುತ್ತಾರೆ. ಒಬ್ಬರು ಸಿಮೆಯೋನ, ಇನ್ನೊಬ್ಬರು ಎಂಬತ್ತನಾಲ್ಕರ ವಿಧವೆ ಅನ್ನ. ಇಬ್ಬರೂ ಬಹುಕಾಲದಿಂದ ಕಾಯುತ್ತಿದ್ದವರು. ಮಗುವನ್ನು ಎತ್ತಿಕೊಂಡ ಸಿಮೆಯೋನನು, ಇನ್ನು ತಾನು ನೆಮ್ಮದಿಯಿಂದ ಹೊರಡಬಹುದೆಂದು ದೇವರನ್ನು ಕೊಂಡಾಡಿದನು.

11ನೆಯ ತಾರೀಖು ಲೂರ್ದು ಮಾತೆಯ ಹಬ್ಬ. ಬಾಲೆ ಬರ್ನದೆತ್ತಳಿಗೆ 1858ರಲ್ಲಿ ಮಾತೆ ಮರಿಯಮ್ಮನವರ ಮೊದಲ ದರ್ಶನವಾದ ದಿನ ಅದು. ಜಗದ್ಗುರು ಎರಡನೆಯ ಜಾನ್ ಪೌಲರು 1992ರಲ್ಲಿ ಈ ದಿನವನ್ನು ವಿಶ್ವ ರೋಗಿಗಳ ದಿನವೆಂದು ಘೋಷಿಸಿದರು. 1993ರಿಂದ ಲೋಕದಾದ್ಯಂತ ಅದು ಆಚರಣೆಯಲ್ಲಿದೆ.

ಇದೇ ಫೆಬ್ರವರಿ 11ರಂದು, 1904ರಲ್ಲಿ, ದಕ್ಷಿಣ ಫ್ರಾನ್ಸಿನ ಆಲೆಸ್ ಎಂಬ ಊರಿನಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಆ ಮಗು ಬೆಳೆದು ರೋಗಿಗಳಿಗೂ ಅನಾಥರಿಗೂ ವೃದ್ಧರಿಗೂ ದುಡಿದು, ಕೊನೆಗೆ ತಾನೇ ಲೋಕದ ಅತಿ ಹಿರಿಯ ವ್ಯಕ್ತಿಯೆನಿಸಿ, ಸಿಮೆಯೋನನಂತೆಯೇ ದೇವರ ಕರೆಗಾಗಿ ಬಹಳ ಕಾಲ ಕಾಯಬೇಕಾಯಿತು. ಅವರೇ ಸಿಸ್ಟರ್ ಆಂಡ್ರೆ. ಹುಟ್ಟಿನಿಂದ ಬಂದ ಹೆಸರು ಲ್ಯೂಸಿಲ್ ರಾಂಡನ್. ಅವರ ಬಾಳನ್ನು ನಾವು ಇಲ್ಲಿ ನೆನೆಯುತ್ತಿರುವುದು ವರ್ಷಗಳ ಸಂಖ್ಯೆಗೆ ಬೆರಗಾಗುವುದಕ್ಕಷ್ಟೇ ಅಲ್ಲ. ಅಷ್ಟೊಂದು ವರ್ಷಗಳನ್ನು ಅವರು ಏನು ಮಾಡಿದರು, ಅಷ್ಟೊಂದು ವರ್ಷಗಳು ಅವರಿಗೆ ಏನು ಮಾಡಿದವು ಎಂದು ತಿಳಿಯುವುದಕ್ಕೆ.

ಹುಟ್ಟಿದ ಊರು, ಹುಟ್ಟಿದ ಕಾಲ

ಆಲೆಸ್ ಎಂಬುದು ಸೆವೆನ್ ಬೆಟ್ಟಗಳ ತಪ್ಪಲಿನ ಪಟ್ಟಣ. ಕಲ್ಲಿದ್ದಲ ಗಣಿಗಳಿಗೂ ರೇಷ್ಮೆಗೂ ಹೆಸರಾದ ಸೀಮೆ. ರೇಷ್ಮೆಹುಳುಗಳಿಗೆ ತಗಲುತ್ತಿದ್ದ ಪೆಬ್ರಿನ್ ರೋಗದ ಗುಟ್ಟನ್ನು ವಿಜ್ಞಾನಿ ಲೂಯಿ ಪಾಶ್ಚರ್ ಅವರು 1865ರಿಂದ ಮುಂದಿನ ವರ್ಷಗಳಲ್ಲಿ ಪತ್ತೆಹಚ್ಚಿದ್ದು ಈ ಊರಿನ ಬಳಿಯಲ್ಲೇ. ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆಗಳನ್ನು ಮಾತ್ರ ಉಳಿಸುವ ಅವರ ಕ್ರಮವನ್ನು ನಮ್ಮ ನಾಡಿನ ರೇಷ್ಮೆ ಬಿತ್ತನೆ ಕೇಂದ್ರಗಳೂ ಅನುಸರಿಸುತ್ತಿವೆ.

ಆ ಬೆಟ್ಟಸೀಮೆ ಹಿಂದಿನಿಂದಲೂ ಪ್ರೊಟೆಸ್ಟೆಂಟರ ನೆಲೆ. ಲ್ಯೂಸಿಲರ ಮನೆತನವೂ ಪ್ರೊಟೆಸ್ಟೆಂಟ್ ಪಂಗಡದ್ದೇ. ಆದರೆ ಮನೆಯಲ್ಲಿ ಧಾರ್ಮಿಕ ಆಚರಣೆ ಹೆಚ್ಚೇನೂ ಇರಲಿಲ್ಲ. ಮೂವರು ಗಂಡುಮಕ್ಕಳಿದ್ದ ಆ ಮನೆಯಲ್ಲಿ ಲ್ಯೂಸಿಲರೊಂದಿಗೆ ಅವಳಿಯಾಗಿ ಲಿಡಿ ಎಂಬ ಇನ್ನೊಂದು ಹೆಣ್ಣು ಮಗುವೂ ಹುಟ್ಟಿತ್ತು. ಆ ಕೂಸು ಸುಮಾರು ಒಂದೂವರೆ ವರ್ಷಕ್ಕೇ ತೀರಿಕೊಂಡಿತು. ಒಂದೇ ಬಸಿರಿನಲ್ಲಿ ಒಂದೇ ದಿನ ಬಂದ ಎರಡು ಜೀವಗಳಲ್ಲಿ ಒಂದಕ್ಕೆ ಹದಿನೆಂಟು ತಿಂಗಳು, ಇನ್ನೊಂದಕ್ಕೆ ನೂರ ಹದಿನೆಂಟು ವರ್ಷ! ಆಯುಷ್ಯವು ನಮ್ಮ ಸಂಪಾದನೆಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಆ ಕಾಲದ ಫ್ರಾನ್ಸಿನಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಷ್ಯ ಐವತ್ತು ವರ್ಷವೂ ಇರಲಿಲ್ಲ.

ಅವರು ಹುಟ್ಟಿದ ವರ್ಷ ಫ್ರಾನ್ಸಿನ ಧರ್ಮಸಭೆಗೆ ಕಷ್ಟದ ವರ್ಷ. 1904ರ ಜುಲೈ 7ರ ಕಾಯಿದೆಯು ಗುರುಗಳ ಹಾಗೂ ಕನ್ಯಾಸ್ತ್ರೀಯರ ಧಾರ್ಮಿಕ ಸಂಸ್ಥೆಗಳು ಶಾಲೆಗಳಲ್ಲಿ ಬೋಧಿಸುವುದನ್ನು ನಿಷೇಧಿಸಿತು. ಸಾವಿರಾರು ಶಾಲೆಗಳು ಮುಚ್ಚಿದವು. ಅನೇಕ ಸನ್ಯಾಸಿಗಳೂ ಸನ್ಯಾಸಿನಿಯರೂ ಗಂಟುಮೂಟೆ ಕಟ್ಟಿಕೊಂಡು ದೇಶಾಂತರ ಹೋದರು. ಅದೇ ತಿಂಗಳ ಕೊನೆಯಲ್ಲಿ ಫ್ರೆಂಚ್ ಸರ್ಕಾರವು ವ್ಯಾಟಿಕನ್ನಿನೊಂದಿಗಿನ ರಾಯಭಾರ ಸಂಬಂಧವನ್ನು ಕಡಿದುಕೊಂಡಿತು. 1905ರ ಡಿಸೆಂಬರ್ 9ರಂದು ಧರ್ಮಸಭೆಯನ್ನೂ ಸರ್ಕಾರವನ್ನೂ ಬೇರ್ಪಡಿಸುವ ಕಾಯಿದೆ ಬಂತು. ಫ್ರಾನ್ಸಿನಲ್ಲಿ ಕನ್ಯಾಮಠಗಳ ಕಾಲ ಮುಗಿಯಿತೆಂದು ಹಲವರು ಲೆಕ್ಕ ಹಾಕಿರಬೇಕು. ಅದೇ ವರ್ಷ, ಕಥೋಲಿಕವಲ್ಲದ ಮನೆಯೊಂದರ ತೊಟ್ಟಿಲಿನಲ್ಲಿ, ಚರಿತ್ರೆಯಲ್ಲೇ ಅತಿ ದೀರ್ಘಕಾಲ ಬಾಳಿದ ಕನ್ಯಾಸ್ತ್ರೀ ಮಲಗಿದ್ದರು. ದೇವರ ಲೆಕ್ಕ ಬೇರೆಯೇ ಇರುತ್ತದೆ.

ಹಿಂದಿರುಗಿದ ಇಬ್ಬರು ಸಹೋದರರು

ಹನ್ನೆರಡನೆಯ ವಯಸ್ಸಿಗೇ ಲ್ಯೂಸಿಲ್ ಮನೆ ಬಿಟ್ಟು ದುಡಿಯಬೇಕಾಯಿತು. ಮಾರ್ಸೇ ನಗರದ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಅದು ಮೊದಲನೆಯ ಮಹಾಯುದ್ಧದ ಕಾಲ. ಆ ಯುದ್ಧದಲ್ಲಿ ಹದಿಮೂರು ಲಕ್ಷಕ್ಕೂ ಹೆಚ್ಚು ಫ್ರೆಂಚ್ ಸೈನಿಕರು ಸತ್ತರು. ರಾಂಡನ್ ಮನೆಯ ಇಬ್ಬರು ಗಂಡುಮಕ್ಕಳೂ ರಣರಂಗದಲ್ಲಿದ್ದರು. 1918ರಲ್ಲಿ ಯುದ್ಧ ಮುಗಿದಾಗ ಇಬ್ಬರೂ ಜೀವಂತವಾಗಿ ಮನೆಗೆ ಬಂದರು.

ನೂರು ದಾಟಿದ ಮೇಲೆ, ಬದುಕಿನ ಅತಿ ಸಂತಸದ ನೆನಪು ಯಾವುದೆಂದು ಕೇಳಿದವರಿಗೆ ಸಿಸ್ಟರ್ ಆಂಡ್ರೆಯವರು ಹೇಳುತ್ತಿದ್ದುದು ಇದನ್ನೇ. ಬೇರೆ ಮನೆಗಳಲ್ಲಿ ಇಬ್ಬರು ಹೋದರೆ ಇಬ್ಬರೂ ಸಾಯುತ್ತಿದ್ದ ಕಾಲದಲ್ಲಿ ತಮ್ಮ ಮನೆಯ ಇಬ್ಬರೂ ಹಿಂದಿರುಗಿದರಲ್ಲ ಎಂದು ಅವರು ನೂರು ವರ್ಷಗಳ ನಂತರವೂ ಹಿಗ್ಗುತ್ತಿದ್ದರು. ನೂರ ಹದಿನೆಂಟು ವರ್ಷಗಳಲ್ಲಿ ವಿಮಾನ, ರೇಡಿಯೋ, ಚಂದ್ರಯಾನ, ಕಂಪ್ಯೂಟರ್ ಎಲ್ಲವೂ ಬಂದುಹೋದರೂ ಅವರ ಮನಸ್ಸಿನಲ್ಲಿ ಎಲ್ಲಕ್ಕಿಂತ ಮೇಲೆ ನಿಂತದ್ದು ಮನೆಬಾಗಿಲಿಗೆ ಬಂದ ಒಡಹುಟ್ಟಿದವರ ಮುಖ.

ಮುಂದೆ ಅವರು ಪ್ಯಾರಿಸಿನಲ್ಲಿ ಸಿರಿವಂತರ ಮಕ್ಕಳನ್ನು ಸಾಕುವ ಕೆಲಸದಲ್ಲಿ ಬಹಳ ವರ್ಷ ಕಳೆದರು. ಯೌವನದಲ್ಲೇ ಕಥೋಲಿಕ ವಿಶ್ವಾಸವನ್ನು ಅಪ್ಪಿಕೊಂಡರು. ಯಾರದೋ ಒತ್ತಾಯದಿಂದಲ್ಲ, ತಾವೇ ಹುಡುಕಿಕೊಂಡು ಬಂದರು. ಆದರೆ ಅಷ್ಟಕ್ಕೆ ಅವರ ಮನಸ್ಸು ನಿಲ್ಲಲಿಲ್ಲ. ಇನ್ನೂ ಮುಂದೆ ಹೋಗಬೇಕೆಂಬ ಹಂಬಲ ಕಾಡುತ್ತಿತ್ತು.

ನಲವತ್ತರಲ್ಲಿ ಸಿಕ್ಕ ದಾರಿ

1944ರಲ್ಲಿ ಲ್ಯೂಸಿಲ್ ಅವರು ಪ್ಯಾರಿಸಿನಲ್ಲಿ 'ಡಾಟರ್ಸ್ ಆಫ್ ಚಾರಿಟಿ', ಅಂದರೆ ಪರೋಪಕಾರದ ಪುತ್ರಿಯರ ಸಂಸ್ಥೆಯನ್ನು ಸೇರಿದರು. ಆಗ ಅವರಿಗೆ ನಲವತ್ತು ವರ್ಷ. ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸಿನಲ್ಲಿ ಕನ್ಯಾಮಠ ಸೇರುತ್ತಿದ್ದ ಆ ಕಾಲದಲ್ಲಿ ಇದು ತಡವಾಯಿತೆಂದೇ ಎಲ್ಲರಿಗೂ ಅನಿಸಿರಬೇಕು. ಆದರೆ ಅವರ ಮುಂದೆ ಇನ್ನೂ ಎಪ್ಪತ್ತೆಂಟು ವರ್ಷಗಳು ಉಳಿದಿದ್ದವು. 'ನನಗೆ ವಯಸ್ಸಾಯಿತು, ಇನ್ನೇನು ಹೊಸದು ಮಾಡುವುದು' ಎಂದು ನಲವತ್ತಕ್ಕೂ ಐವತ್ತಕ್ಕೂ ಕೈಚೆಲ್ಲುವ ನಮ್ಮಂಥವರು ಇದನ್ನು ಗಮನಿಸಬೇಕು. ತಮ್ಮ ಪ್ರೀತಿಯ ಅಣ್ಣನ ಹೆಸರನ್ನೇ ಇಟ್ಟುಕೊಂಡು ಅವರು ಸಿಸ್ಟರ್ ಆಂಡ್ರೆ ಆದರು.

ಈ ಸಂಸ್ಥೆಯ ಹಿನ್ನೆಲೆಯನ್ನು ಸ್ವಲ್ಪ ತಿಳಿದರೆ ಅವರ ಬಾಳು ನಮಗೆ ಇನ್ನಷ್ಟು ಅರ್ಥವಾಗುತ್ತದೆ. ಸಂತ ವಿನ್ಸೆಂಟ್ ದೆ ಪೌಲ್ ಹಾಗೂ ಸಂತ ಲೂಯಿಸ್ ದೆ ಮರಿಯಾಕ್ ಅವರು ಇದನ್ನು 1633ರಲ್ಲಿ ಪ್ಯಾರಿಸಿನಲ್ಲಿ ಆರಂಭಿಸಿದರು. ಅಲ್ಲಿಯವರೆಗೆ ಕನ್ಯಾಸ್ತ್ರೀಯೆಂದರೆ ಮಠದ ಗೋಡೆಯೊಳಗೆ ಇರುವವರು. ಇವರ ಪುತ್ರಿಯರಾದರೋ ಬೀದಿಗಿಳಿದು ಬಡವರ ಗುಡಿಸಲಿಗೂ ರೋಗಿಗಳ ಹಾಸಿಗೆಯ ಬಳಿಗೂ ಹೋದರು. ಸಂಸ್ಥೆಯ ಇನ್ನೊಂದು ವಿಶೇಷವೆಂದರೆ, ಇಲ್ಲಿನ ಸೋದರಿಯರು ಜೀವಮಾನಕ್ಕೆಂದು ಒಮ್ಮೆಲೇ ವ್ರತ ತೊಡುವುದಿಲ್ಲ. ಪ್ರತಿ ವರ್ಷ ಮಂಗಳವಾರ್ತೆಯ ಹಬ್ಬದ ಸಮಯದಲ್ಲಿ ಒಂದೊಂದು ವರ್ಷಕ್ಕೆ ತಮ್ಮ ವ್ರತಗಳನ್ನು ನವೀಕರಿಸುತ್ತಾರೆ. ನೂರ ಹದಿನೆಂಟು ವರ್ಷ ಬಾಳಿದವರು ತಮ್ಮನ್ನು ದೇವರಿಗೆ ಕೊಟ್ಟದ್ದು ಹೀಗೆ, ಒಂದೊಂದೇ ವರ್ಷವಾಗಿ. ದೀರ್ಘಾಯುಷ್ಯದ ಯೋಜನೆಯನ್ನು ಅವರು ಹಾಕಿಕೊಂಡಿರಲಿಲ್ಲ. ಈ ವರ್ಷ ನಿನ್ನದು ಎಂದರು, ಮುಂದಿನ ವರ್ಷ ಬಂದಾಗ ಅದನ್ನೂ ಕೊಟ್ಟರು.

ಯುದ್ಧ ಮುಗಿದ ಮೇಲೆ ಅವರನ್ನು ವಿಶಿ ನಗರದ ಆಸ್ಪತ್ರೆಗೆ ಕಳುಹಿಸಲಾಯಿತು. ಅಲ್ಲಿ ಬಹಳ ವರ್ಷ ಅನಾಥ ಮಕ್ಕಳನ್ನೂ ವೃದ್ಧರನ್ನೂ ನೋಡಿಕೊಂಡರು. ಆಗ ಅವರ ಸಂಸ್ಥೆಯ ಸೋದರಿಯರು ತಲೆಯ ಮೇಲೆ ದೊಡ್ಡ ಬಿಳಿ ಹಕ್ಕಿ ರೆಕ್ಕೆ ಬಿಚ್ಚಿದಂತೆ ಕಾಣುವ ಗಂಜಿ ಹಾಕಿದ ಬಟ್ಟೆಯ ಟೋಪಿ ಧರಿಸುತ್ತಿದ್ದರು. 1964ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆ ನಡೆಯುತ್ತಿದ್ದ ಕಾಲದಲ್ಲಿ, ಅದು ಹೋಗಿ ಸರಳವಾದ ನೀಲಿ ಮುಸುಕು ಬಂತು. ಉಡುಪು ಬದಲಾಯಿತು, ಪೂಜೆಯ ಭಾಷೆ ಲತೀನಿನಿಂದ ಜನರ ನುಡಿಗೆ ಬದಲಾಯಿತು. ರೋಗಿಯ ಹಾಸಿಗೆ ಸರಿಪಡಿಸುವ ಕೆಲಸ ಮಾತ್ರ ಹಾಗೆಯೇ ಇತ್ತು.

ವಿಶಿಯ ನಂತರ ದ್ರೋಮ್ ಪ್ರಾಂತದಲ್ಲಿ ಸೇವೆ ಮಾಡಿದರು. ಮುಂದೆ ಸವೋಯ್ ಪ್ರಾಂತದ ಒಂದು ವೃದ್ಧಾಶ್ರಮದಲ್ಲಿ ನೆಲೆಸಿ, ವಯಸ್ಸಿನಲ್ಲಿ ತಮಗಿಂತ ಎಷ್ಟೋ ಕಿರಿಯರಾದ ವೃದ್ಧರ ಆರೈಕೆಗೆ ಕೈ ಜೋಡಿಸಿದರು. ಕೆಲಸ ಮನುಷ್ಯನನ್ನು ಕೊಲ್ಲುತ್ತದೆಂದು ಜನ ಹೇಳುತ್ತಾರೆ, ನನ್ನನ್ನು ಬದುಕಿಸಿದ್ದೇ ಕೆಲಸ, ನೂರ ಎಂಟರವರೆಗೂ ದುಡಿದೆ ಎಂದು ಅವರು 2022ರಲ್ಲಿ ಪತ್ರಕರ್ತರಿಗೆ ಹೇಳಿದರು.

ಸಂತ ಕ್ಯಾಥರೀನ್ ಲಬೂರೆಯ ಮನೆಯಲ್ಲಿ

2009ರಲ್ಲಿ, ನೂರ ಐದರ ವಯಸ್ಸಿನಲ್ಲಿ, ಅವರು ಮೆಡಿಟರೇನಿಯನ್ ಕಡಲತೀರದ ತುಲೋನ್ ನಗರಕ್ಕೆ ಬಂದರು. ಅಲ್ಲಿನ ವೃದ್ಧಾಶ್ರಮಕ್ಕೆ ಸಂತ ಕ್ಯಾಥರೀನ್ ಲಬೂರೆಯವರ ಹೆಸರಿದೆ. ಈ ಸಂತಳು ನಮಗೆ ಅಪರಿಚಿತಳಲ್ಲ. 1830ರಲ್ಲಿ ಪ್ಯಾರಿಸಿನಲ್ಲಿ ಮಾತೆ ಮರಿಯಮ್ಮನವರ ದರ್ಶನ ಪಡೆದು, ನಮ್ಮಲ್ಲಿ ಅನೇಕರು ಕೊರಳಲ್ಲಿ ಧರಿಸುವ ಅದ್ಭುತ ಪದಕವನ್ನು ಲೋಕಕ್ಕೆ ಕೊಟ್ಟವರು ಅವರೇ. ದರ್ಶನದ ನಂತರ ಅವರು ನಲವತ್ತಕ್ಕೂ ಹೆಚ್ಚು ವರ್ಷ ಪ್ಯಾರಿಸಿನ ಒಂದು ಆಶ್ರಮದಲ್ಲಿ ವಯಸ್ಸಾದ ಗಂಡಸರ ಬಟ್ಟೆ, ಊಟ, ಆರೈಕೆ ನೋಡಿಕೊಂಡರು. ಮರಿಯಮ್ಮನವರನ್ನು ಕಂಡವರು ತಾವೇ ಎಂದು ಜೊತೆಯಲ್ಲಿದ್ದವರಿಗೂ ಹೇಳಿಕೊಳ್ಳಲಿಲ್ಲ. 1876ರಲ್ಲಿ ತೀರಿಕೊಂಡ ಅವರನ್ನು 1947ರಲ್ಲಿ ಸಂತಪದವಿಗೆ ಏರಿಸಲಾಯಿತು. ವೃದ್ಧರ ಸೇವೆಯಲ್ಲಿ ಹೀಗೆ ಮರೆಯಾಗಿ ಬಾಳಿದ ಸಂತಳ ಹೆಸರಿನ ಮನೆಯಲ್ಲಿ ಅದೇ ಸಂಸ್ಥೆಯ ಇನ್ನೊಬ್ಬ ಸೋದರಿ ತಮ್ಮ ಕೊನೆಯ ವರ್ಷಗಳನ್ನು ಕಳೆದರು.

ಆ ವರ್ಷಗಳು ಸುಲಭದವಾಗಿರಲಿಲ್ಲ. ಕಣ್ಣಿನ ದೃಷ್ಟಿ ಹೋಯಿತು. ಗಾಲಿಕುರ್ಚಿಯೇ ಗತಿಯಾಯಿತು. ಜೀವಮಾನವೆಲ್ಲ ಇತರರನ್ನು ಎತ್ತಿ ಕೂರಿಸಿದ ಕೈಗಳಿಗೆ ಈಗ ಇತರರೇ ಆಸರೆ. ಬೆಳಿಗ್ಗೆ ಅವರನ್ನು ಪೂಜೆಗಾಗಿ ಪ್ರಾರ್ಥನಾಲಯಕ್ಕೆ ಕರೆದೊಯ್ಯುತ್ತಿದ್ದರು. ಪ್ರಾರ್ಥನೆಯೇ ದಿನದ ಮುಖ್ಯ ಕೆಲಸವಾಯಿತು. ಚಾಕೊಲೇಟಿನ ಆಸೆಯನ್ನೂ ಒಂದು ಲೋಟ ದ್ರಾಕ್ಷಾರಸದ ಆಸೆಯನ್ನೂ ಅವರು ಎಂದೂ ಮುಚ್ಚಿಡಲಿಲ್ಲ. 2019ರಲ್ಲಿ 115ನೆಯ ಹುಟ್ಟುಹಬ್ಬಕ್ಕೆ ಜಗದ್ಗುರು ಫ್ರಾನ್ಸಿಸರು ಒಂದು ಪತ್ರವನ್ನೂ ಮಂತ್ರಿಸಿದ ಜಪಸರವನ್ನೂ ಕಳುಹಿಸಿಕೊಟ್ಟರು.

ಕೊರೋನಾ ಬಂದಾಗ

2021ರ ಜನವರಿಯಲ್ಲಿ ಆ ಮನೆಗೆ ಕೊರೋನಾ ಹೊಕ್ಕಿತು. ಅಲ್ಲಿದ್ದ 88 ನಿವಾಸಿಗಳಲ್ಲಿ 81 ಮಂದಿಗೆ ಸೋಂಕು ತಗಲಿತು. ಸುಮಾರು ಹತ್ತು ಮಂದಿ ತೀರಿಕೊಂಡರು. ಜನವರಿ 16ರಂದು ಸಿಸ್ಟರ್ ಆಂಡ್ರೆಯವರಿಗೂ ಸೋಂಕು ಇರುವುದು ಗೊತ್ತಾಯಿತು. ಅವರಿಗಾಗ 116 ವರ್ಷ. ಕೋಣೆಯಲ್ಲಿ ಒಬ್ಬರನ್ನೇ ಇರಿಸಲಾಯಿತು. ಅವರು ತಮ್ಮ ಆರೋಗ್ಯದ ವಿಚಾರ ಕೇಳಲಿಲ್ಲ. ಊಟದ, ನಿದ್ದೆಯ ಹೊತ್ತು ಬದಲಾಗುವುದೇ ಎಂದಷ್ಟೇ ಕೇಳಿದರು, ಉಳಿದ ನಿವಾಸಿಗಳ ಬಗ್ಗೆ ಚಿಂತಿಸಿದರು ಎಂದು ಆಶ್ರಮದವರು ತಿಳಿಸಿದರು. ರೋಗಲಕ್ಷಣಗಳೇ ಇಲ್ಲದೆ ಗುಣಮುಖರಾಗಿ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದ ದಿನ, ತಮ್ಮ 117ನೆಯ ಹುಟ್ಟುಹಬ್ಬವನ್ನು ಆಚರಿಸಿಕೊಂಡರು.

ಹೆದರಿಕೆಯಾಗಲಿಲ್ಲವೇ ಎಂದು ಕೇಳಿದಾಗ, ಸಾಯಲು ಹೆದರದವರಿಗೆ ಇನ್ನೇನು ಹೆದರಿಕೆ ಎಂಬರ್ಥದಲ್ಲಿ ಉತ್ತರಿಸಿದರು. ನಿಮ್ಮೊಂದಿಗೆ ಇರುವುದು ಸಂತೋಷವೇ, ಆದರೆ ಬೇರೊಂದು ಕಡೆಗೆ ಹೋಗಬೇಕೆಂದಿದೆ, ಅಣ್ಣನನ್ನೂ ಅಜ್ಜ ಅಜ್ಜಿಯನ್ನೂ ಸೇರಿಕೊಳ್ಳಬೇಕೆಂದಿದೆ ಎಂದರು. ಯುದ್ಧದಿಂದ ಹಿಂದಿರುಗುವ ಸಹೋದರರಿಗಾಗಿ ಹದಿನಾಲ್ಕರಲ್ಲಿ ಕಾದಿದ್ದವರು, ಈಗ ತಾವೇ ಅಣ್ಣನ ಬಳಿಗೆ ಹೋಗುವ ದಿನಕ್ಕಾಗಿ ಕಾಯುತ್ತಿದ್ದರು.

ಅವರು ಕೋಣೆಯಲ್ಲಿ ಒಂಟಿಯಾಗಿದ್ದ ಅದೇ ಜನವರಿ ತಿಂಗಳ 31ರಂದು ಜಗದ್ಗುರು ಫ್ರಾನ್ಸಿಸರು ಅಜ್ಜ ಅಜ್ಜಿಯರ ಹಾಗೂ ವೃದ್ಧರ ವಿಶ್ವ ದಿನವನ್ನು ಘೋಷಿಸಿದರು. ಯೇಸುವಿನ ಅಜ್ಜ ಅಜ್ಜಿಯರಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬದ ಹತ್ತಿರ, ಜುಲೈ ತಿಂಗಳ ನಾಲ್ಕನೆಯ ಭಾನುವಾರ ಅದನ್ನು ಆಚರಿಸಲಾಗುತ್ತದೆ. ಆ ಘೋಷಣೆಯ ದಿನ ಅವರು ನೆನಪಿಸಿದ್ದೂ ಸಿಮೆಯೋನ ಮತ್ತು ಅನ್ನರನ್ನೇ.

ದೀರ್ಘಾಯುಷ್ಯದ ಗುಟ್ಟು

2022ರ ಏಪ್ರಿಲ್ 19ರಂದು ಜಪಾನಿನ ಕಾನೆ ತನಾಕಾ ಅವರು 119ನೆಯ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಸಿಸ್ಟರ್ ಆಂಡ್ರೆಯವರು ಬದುಕಿರುವವರಲ್ಲೇ ಅತಿ ಹಿರಿಯರೆನಿಸಿದರು. ಹೀಗೆ ಗುರುತಿಸುವುದು ಬಾಯಿಮಾತಿನಿಂದಲ್ಲ. ಜನನದ ದಾಖಲೆ ಮತ್ತು ಬದುಕಿನುದ್ದಕ್ಕೂ ಉಳಿದ ಇತರ ದಾಖಲೆಗಳು ಒಂದಕ್ಕೊಂದು ತಾಳೆಯಾಗಬೇಕು. ಹಾಗೆ ದೃಢಪಟ್ಟ ಅತಿ ದೀರ್ಘ ಆಯುಷ್ಯವೂ ದಕ್ಷಿಣ ಫ್ರಾನ್ಸಿನದೇ. ಆರ್ಲ್ ಪಟ್ಟಣದ ಜೀನ್ ಕಾಲ್ಮೆಂಟ್ ಎಂಬುವರು 1875ರಲ್ಲಿ ಹುಟ್ಟಿ 1997ರಲ್ಲಿ 122ನೆಯ ವಯಸ್ಸಿನಲ್ಲಿ ನಿಧನರಾದರು.

ಇಂಥವರ ಗುಟ್ಟೇನು? ಅಮೆರಿಕದಲ್ಲಿ 1986ರಿಂದ 'ನೋತ್ರ್ ದಾಮ್' ಶಾಲಾ ಸೋದರಿಯರ ಸಂಸ್ಥೆಯ 678 ಕನ್ಯಾಸ್ತ್ರೀಯರ ಮೇಲೆ ಒಂದು ಪ್ರಸಿದ್ಧ ಸಂಶೋಧನೆ ನಡೆಯಿತು. ಯೌವನದಲ್ಲಿ ಬರೆದ ಕಿರು ಆತ್ಮಕಥೆಗಳಲ್ಲಿ ಸಂತೋಷ, ಕೃತಜ್ಞತೆ, ಭರವಸೆಗಳನ್ನು ಹೆಚ್ಚಾಗಿ ವ್ಯಕ್ತಪಡಿಸಿದ್ದ ಸೋದರಿಯರು ಉಳಿದವರಿಗಿಂತ ಹೆಚ್ಚು ಕಾಲ ಬದುಕಿದ್ದರೆಂದು 2001ರಲ್ಲಿ ಪ್ರಕಟವಾದ ವರದಿ ತಿಳಿಸಿತು. ವಿಜ್ಞಾನಿಗಳು ಸಿಸ್ಟರ್ ಆಂಡ್ರೆಯವರ ಕೂದಲನ್ನೋ ವಂಶವಾಹಿಯ ಮಾದರಿಯನ್ನೋ ಪರೀಕ್ಷೆಗೆ ಕೇಳಿದ್ದೂ ಉಂಟು. ಅವನ್ನು ಕೊಡಲಿಲ್ಲ. ಆ ಗುಟ್ಟು ದೇವರಿಗೊಬ್ಬನಿಗೇ ಗೊತ್ತು ಎಂಬುದೇ ಉತ್ತರವಾಗಿತ್ತು. ಜನರಿಗೆ ಅವರು ಹೇಳುತ್ತಿದ್ದ ಬುದ್ಧಿಮಾತು ಮಾತ್ರ ಸರಳ: ದ್ವೇಷಿಸುವುದನ್ನು ಬಿಟ್ಟು ಒಬ್ಬರಿಗೊಬ್ಬರು ನೆರವಾಗಬೇಕು, ಪ್ರೀತಿಸಬೇಕು.

ಕರೆ ಬಂದಾಗ

ಲೋಕದ ಅತಿ ಹಿರಿಯ ವ್ಯಕ್ತಿ ಎಂಬ ಕೀರ್ತಿ ಬಂದಾಗ ಅವರು ಹೇಳಿದ ಮಾತು ನಮ್ಮನ್ನು ತಡೆದು ನಿಲ್ಲಿಸುತ್ತದೆ. ಇದು ದುಃಖದ ಗೌರವ, ನಾನು ಸ್ವರ್ಗದಲ್ಲಿದ್ದರೇ ಚೆನ್ನಾಗಿತ್ತು, ಆದರೆ ದೇವರಿಗೆ ನಾನು ಇನ್ನೂ ಬೇಡವಾಗಿದ್ದೇನೆ ಎಂದರು. ನಾವು ಹಿರಿಯರ ಹುಟ್ಟುಹಬ್ಬಕ್ಕೆ ಕೇಕ್ ಕತ್ತರಿಸಿ, ಫೋಟೋ ತೆಗೆದು, 'ಇನ್ನೂ ನೂರು ವರ್ಷ ಬಾಳಿ' ಎಂದು ಹಾರೈಸಿ ಹೊರಟುಹೋಗುತ್ತೇವೆ. ಅವರ ಮನಸ್ಸಿನಲ್ಲಿರುವ ಆಯಾಸವನ್ನು ಕೇಳಲು ನಮಗೆ ಹೊತ್ತಿರುವುದಿಲ್ಲ. ಹೆತ್ತವರು, ಒಡಹುಟ್ಟಿದವರು, ಓರಗೆಯವರು ಎಲ್ಲರನ್ನೂ ಕಳುಹಿಸಿಕೊಟ್ಟು ಉಳಿದವರಿಗೆ ಆಯುಷ್ಯವು ವರವೂ ಹೌದು, ಹೊರೆಯೂ ಹೌದು. ಸಿಸ್ಟರ್ ಆಂಡ್ರೆಯವರು ಎರಡನ್ನೂ ಮುಚ್ಚಿಡಲಿಲ್ಲ. ಹೋಗಬೇಕೆಂಬ ಆಸೆಯನ್ನು ಬಾಯಿಬಿಟ್ಟು ಹೇಳಿದರು. ಹೋಗುವ ಹೊತ್ತನ್ನು ಮಾತ್ರ ದೇವರಿಗೇ ಬಿಟ್ಟರು. ದಣಿದ ಹಿರಿಯರು 'ದೇವರು ನನ್ನನ್ನು ಯಾಕೆ ಇನ್ನೂ ಕರೆದುಕೊಳ್ಳುತ್ತಿಲ್ಲ' ಎಂದು ಕೇಳಿದರೆ ಅದು ಅವಿಶ್ವಾಸದ ಮಾತಲ್ಲ, ಪ್ರಾರ್ಥನೆಯೇ. ಅದನ್ನು ಗದರದೆ ಕುಳಿತು ಕೇಳುವುದೂ ಒಂದು ಸೇವೆಯೇ.

2023ರ ಜನವರಿ 17ರಂದು ಅವರು ನಿದ್ದೆಯಲ್ಲೇ ಕೊನೆಯುಸಿರೆಳೆದರು. 119ನೆಯ ಹುಟ್ಟುಹಬ್ಬಕ್ಕೆ ಇನ್ನು 25 ದಿನಗಳಷ್ಟೇ ಇದ್ದವು. ಹುಟ್ಟಿದಾಗ ಹತ್ತನೆಯ ಭಕ್ತಿನಾಥರು (ಪಿಯುಸ್) ಜಗದ್ಗುರುಗಳಾಗಿದ್ದರು, ತೀರಿಕೊಂಡಾಗ ಫ್ರಾನ್ಸಿಸರು. ಒಟ್ಟು ಹತ್ತು ಮಂದಿ ಜಗದ್ಗುರುಗಳ ಕಾಲ ಅವರದು. ಅವರಿಗಿಂತ ಹದಿನೇಳು ದಿನ ಮುಂಚೆಯಷ್ಟೇ ವಿಶ್ರಾಂತ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ನಿಧನರಾಗಿದ್ದರು. ಅಣ್ಣನನ್ನು ಸೇರುವುದೇ ಅವರ ಆಸೆಯಾಗಿತ್ತು, ಇದು ಅವರಿಗೆ ಬಿಡುಗಡೆ ಎಂದು ಆಶ್ರಮದವರು ಹೇಳಿದರು.

ಎರಡು ವರ್ಷಗಳ ನಂತರ ಇನ್ನೊಬ್ಬ ಕನ್ಯಾಸ್ತ್ರೀ, ಬ್ರೆಜಿಲ್ ದೇಶದ ಸಿಸ್ಟರ್ ಇನಾ ಕನಬಾರೊ ಅವರು, ಲೋಕದ ಅತಿ ಹಿರಿಯರೆನಿಸಿ 2025ರ ಏಪ್ರಿಲ್ 30ರಂದು 116ನೆಯ ವಯಸ್ಸಿನಲ್ಲಿ ದೇವರ ಪಾದ ಸೇರಿದರು. ದಾಖಲೆಗಳು ಹೀಗೆ ಒಬ್ಬರಿಂದ ಒಬ್ಬರಿಗೆ ಸಾಗುತ್ತಲೇ ಇರುತ್ತವೆ. ಕೀರ್ತನೆಗಾರನು ಮನುಷ್ಯನ ಆಯುಷ್ಯವನ್ನು ಎಪ್ಪತ್ತೆಂದೂ ಹೆಚ್ಚೆಂದರೆ ಎಂಬತ್ತೆಂದೂ ಎಣಿಸಿದನು. ಮೋಶೆಯು ನೂರ ಇಪ್ಪತ್ತು ವರ್ಷ ಬಾಳಿದರೂ ವಾಗ್ದತ್ತ ನಾಡನ್ನು ದೂರದಿಂದಷ್ಟೇ ಕಂಡನು. ಎಷ್ಟು ಬಾಳಿದರೂ ಕೊನೆಯ ಹೆಜ್ಜೆಗೆ ದೇವರೇ ಕೈಹಿಡಿಯಬೇಕು.

ನಮ್ಮ ಧರ್ಮಕೇಂದ್ರಗಳಲ್ಲಿಯೂ ಪೂಜೆಗೆ ಬರಲಾಗದೆ ಮನೆಯ ಮೂಲೆಯಲ್ಲಿ ಜಪಸರ ಹಿಡಿದು ಕುಳಿತ ಅಜ್ಜ ಅಜ್ಜಿಯರಿದ್ದಾರೆ. ಮಕ್ಕಳು ದೂರದ ಊರಿನಲ್ಲಿ, ಹೊರದೇಶದಲ್ಲಿ. ತಿಂಗಳಿಗೊಮ್ಮೆ ಗುರುಗಳು ತರುವ ಪರಮಪ್ರಸಾದಕ್ಕಾಗಿ ಅವರು ಬಾಗಿಲ ಕಡೆ ನೋಡುತ್ತಿರುತ್ತಾರೆ. ಈ ಫೆಬ್ರವರಿಯಲ್ಲಿ ಮಂತ್ರಿಸಿದ ಮೇಣದಬತ್ತಿಯನ್ನು ಮನೆಗೆ ಒಯ್ಯುವಾಗ ಅಂಥವರ ಮನೆಯೊಂದಕ್ಕೂ ಒಂದನ್ನು ಒಯ್ಯೋಣ. ಅದನ್ನು ಅಲ್ಲಿ ಹಚ್ಚಿಟ್ಟು ಅರ್ಧ ಗಂಟೆ ಅವರ ಬಳಿ ಕುಳಿತು, ಅವರ ಬದುಕಿನ ಅತಿ ಸಂತಸದ ನೆನಪು ಯಾವುದೆಂದು ಕೇಳೋಣ. ಕರೆಗಾಗಿ ಕಾಯುವ ಎಲ್ಲ ಹಿರಿಯರ ಬಳಿ ಲೂರ್ದು ಮಾತೆ ಇರಲಿ. ನಮಗೆ ಕೊಟ್ಟಿರುವ ಈ ವರ್ಷವನ್ನು, ಎಷ್ಟನೆಯದಾದರೂ ಸರಿ, ದೇವರಿಗೂ ನೆರೆಯವರಿಗೂ ಕೊಡುವ ಮನಸ್ಸು ನಮಗೆ ಬರಲಿ.